ನಂಬರ್ ಉಜ್ಜಿದ ಮೂರು ಚಿಪ್

"ನೀವಾ, ಒಳಗೆ ಏನ್ ಮಾಡ್ತಿದ್ದೀಯ? ಹೋಗಿ ಅರ್ಧ ಗಂಟೆ ಆಯ್ತು."

ಬಚ್ಚಲುಮನೆಯ ಬಾಗಿಲಾಚೆಯಿಂದ ಅಮ್ಮನ ದನಿ ಬಂತು. ನೀವಾಳ ಕೈ ತಟ್ಟನೆ ನಿಂತಿತು. ಆ ಕೈಯಲ್ಲಿದ್ದದ್ದು ಅಮ್ಮ ಉಗುರು ಉಜ್ಜಿಕೊಳ್ಳುವ ಅರ.

"ಹಲ್ಲುಜ್ತಿದ್ದೀನಿ."

"ಸಂಜೆ ಐದು ಗಂಟೆಗಾ?"

ಸಿಂಕಿನ ಅಂಚಿನಲ್ಲಿ ಮೂರು ಕಪ್ಪು ಚಿಪ್‌ಗಳು ಸಾಲಾಗಿ ಕೂತಿದ್ದವು. ಒಂದೊಂದಕ್ಕೂ ಹದಿನಾಲ್ಕು ತಂತಿ ಕಾಲು. ನೋಡಿದರೆ ಜೀರುಂಡೆಗಳ ಹಾಗೆ. ಬೆನ್ನ ಮೇಲೆ ಬಿಳಿ ಅಕ್ಷರದಲ್ಲಿ, ಅದು ಯಾವ ಚಿಪ್ ಎಂದು ಹೇಳುವ ನಂಬರ್ ಇರಬೇಕಿತ್ತು. ಎರಡರ ಬೆನ್ನು ಈಗ ಬೋಳು. ಮೂರನೆಯದರಲ್ಲಿ ಇನ್ನೂ ಒಂದು ಸೊನ್ನೆ ಉಳಿದಿತ್ತು. ಅವಳು ಅದನ್ನೂ ಕರಕರ ಉಜ್ಜಿ ಮುಗಿಸಿದಳು.

"ಬಾಗಿಲು ತೆಗಿ ಅಂದೆ."

ನೀವಾ ಮೂರನ್ನೂ ಒಂದೇ ಸಲಕ್ಕೆ ಮುಷ್ಟಿಗೆ ಬಳಿದುಕೊಂಡು ಜೇಬಿಗೆ ತುರುಕಿದಳು. ಅರವನ್ನು ಟವೆಲಿನ ಕೆಳಗೆ ತಳ್ಳಿ ಬಾಗಿಲು ತೆಗೆದಳು.

ಆ ಮೂರು ಚಿಪ್‌ಗಳೆಂದರೆ ತಾಳ ಬಾರಿಸುವ ಅವಳ ಡ್ರಮ್ ಮೆಷಿನ್ನಿನ ಜೀವ. ಲೈಬ್ರರಿಯ ನೆಲಮಾಳಿಗೆಯಲ್ಲಿ ಪ್ರತಿ ಶನಿವಾರ ಮಿಸ್ ಒಡೆಸ್ಸಾ ಮಕ್ಕಳಿಗೆ ಸ್ವರ ಹೊರಡಿಸುವ ಸಿಂಥ್, ಡ್ರಮ್ ಮೆಷಿನ್ ಕಟ್ಟುವುದನ್ನು ಕಲಿಸುತ್ತಿದ್ದರು. ನೀವಾ ತನ್ನದನ್ನು ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಕಟ್ಟಿದ್ದಳು. ಬಟನ್ ಒತ್ತಿದರೆ ಎಂಟು ಪುಟ್ಟ ದೀಪಗಳು ಒಂದರ ಹಿಂದೆ ಒಂದು ಓಡುತ್ತಿದ್ದವು. ಎಂಟನೆಯ ದೀಪಕ್ಕೆ ಸರಿಯಾಗಿ ಒಂದು ಶಬ್ದ ಬರುತ್ತಿತ್ತು: ಟಿಸ್-ಠಕ್.

ಆ ಶಬ್ದವನ್ನು ಹುಡುಕುವುದಕ್ಕೆ ಅವಳಿಗೆ ಇಡೀ ಚಳಿಗಾಲ ಹಿಡಿದಿತ್ತು. ಅದು ಅಮ್ಮ ಓಡಿಸುವ ಸಿಟಿ ಬಸ್ಸಿನ ಬಾಗಿಲು ಮುಚ್ಚುವ ಶಬ್ದ. ಮಿಸ್ ಒಡೆಸ್ಸಾರ ಹತ್ತಿರ ಹಳೇ ಸರ್ಕ್ಯೂಟ್ ಬೋರ್ಡುಗಳಿಂದ ಕಿತ್ತ ಚಿಪ್‌ಗಳ ದೊಡ್ಡ ಡಬ್ಬವೊಂದಿತ್ತು. ಅದರಿಂದ ಒಂದೊಂದೇ ತೆಗೆದು, ಕೂರಿಸಿ, ಕಿತ್ತು, ಮತ್ತೆ ಕೂರಿಸಿ, ಕೊನೆಗೊಂದು ದಿನ ಟಿಸ್-ಠಕ್ ಎಂದಾಗ ನೀವಾಳ ಮೈ ಜುಮ್ಮೆಂದಿತ್ತು.

ಹೋದ ಶನಿವಾರ ಹೆಚ್ಚುಕಮ್ಮಿ ಅದೇ ಟಿಸ್-ಠಕ್ ಕೋಣೆಯ ಇನ್ನೊಂದು ಮೂಲೆಯಿಂದ ಕೇಳಿಸಿತು.

ನೀವಾ ತಿರುಗಿ ನೋಡಿದಳು. ಟ್ರೆಸ್ಸಾ. ಎರಡನೇ ಕ್ಲಾಸಿನಿಂದ ಒಂದೇ ಬೆಂಚಿನಲ್ಲಿ ಕೂತ ಟ್ರೆಸ್ಸಾ. ಅವಳು ಗಡಬಡಿಸಿ ಸ್ವಿಚ್ ಆರಿಸಿ, ತನ್ನ ಡಬ್ಬವನ್ನು ಬೋರಲು ಹಾಕಿ, ಮೇಲೆ ಜಾಕೆಟ್ ಮುಚ್ಚಿದಳು.

"ಏನದು?" ಎಂದು ನೀವಾ ಕೇಳಿದ್ದಳು.

"ಏನೂ ಇಲ್ಲ. ಕೆಟ್ಟಿದೆ."

ಕೆಟ್ಟಿದ್ದನ್ನು ಯಾರಾದರೂ ಜಾಕೆಟ್ ಹಾಕಿ ಮುಚ್ಚುತ್ತಾರಾ? ಆವತ್ತಿನಿಂದ ನೀವಾಳಿಗೆ ಒಂದೊಂದೇ ನೆನಪಾಗತೊಡಗಿತು. ಅದಕ್ಕೂ ಹಿಂದಿನ ವಾರ ತಾನು ನೀರು ಕುಡಿದು ಬರುವಾಗ ಟ್ರೆಸ್ಸಾ ನೀವಾಳ ಬೋರ್ಡಿನ ಮೇಲೆ ಬಗ್ಗಿದ್ದಳು. "ಸುಮ್ನೆ ನೋಡ್ತಿದ್ದೆ" ಎಂದಿದ್ದಳು. ಮಿಸ್ ಒಡೆಸ್ಸಾರ ಡಬ್ಬದಲ್ಲಿ ಕೈಯಾಡಿಸುತ್ತ ಒಂದೊಂದು ಚಿಪ್ಪಿನ ಬೆನ್ನನ್ನೂ ಕಣ್ಣಿಗೆ ಹತ್ತಿರ ಹಿಡಿದು ಓದುತ್ತಿದ್ದಳು. ಆಗ ಅದು ಏನೂ ಅನ್ನಿಸಿರಲಿಲ್ಲ. ಈಗ ಎಲ್ಲವೂ ಅನ್ನಿಸತೊಡಗಿತು.

ಬರುವ ಶನಿವಾರ ಲೈಬ್ರರಿಯ ಮುಂದೆ ಬ್ಲಾಕ್ ಪಾರ್ಟಿ, ಬೀದಿಯವರೆಲ್ಲ ಸೇರುವ ಹಬ್ಬ. ಎಲ್ಲ ಮಕ್ಕಳೂ ತಾವು ಕಟ್ಟಿದ್ದನ್ನು ಬಾರಿಸಬೇಕು. ತನಗಿಂತ ಮೊದಲು ಟ್ರೆಸ್ಸಾಳ ಹೆಸರು ಕರೆದರೆ? ಆಮೇಲೆ ತಾನು ಬಾರಿಸಿದರೆ ತನ್ನದೇ ನಕಲು ಎನ್ನುವುದಿಲ್ಲವೇ ಜನ?

ಆಗಲೇ ಅವಳಿಗೆ ಮಿಸ್ ಒಡೆಸ್ಸಾರ ಕಪಾಟಿನ ಮೇಲಿನ ಹಳೇ ಮೆಷಿನ್ ನೆನಪಾದದ್ದು. ಅದರೊಳಗಿನ ಚಿಪ್‌ಗಳ ಮೇಲೆ ನಂಬರೇ ಇರಲಿಲ್ಲ. "ನಮ್ಮ ಕಾಲದಲ್ಲಿ ಹಾಗೇನೇ. ಬೇರೆಯೋರು ಕದೀಬಾರ್ದು ಅಂತ ಉಜ್ಜಿಬಿಡ್ತಿದ್ವಿ" ಎಂದು ಮಿಸ್ ಒಡೆಸ್ಸಾ ಒಮ್ಮೆ ಹೇಳಿದ್ದರು.

ಬಚ್ಚಲಿನಿಂದ ಹೊರಗೆ ಬಂದ ನೀವಾಳನ್ನು ಅಮ್ಮ ಕಾಲುಗಳ ನಡುವೆ ಕೂರಿಸಿಕೊಂಡು ಜಡೆ ಹಾಕತೊಡಗಿದಳು. ಬಸ್ ಡಿಪೋದ ನೀಲಿ ಅಂಗಿಯನ್ನು ಇನ್ನೂ ಬದಲಿಸಿರಲಿಲ್ಲ.

"ಅಮ್ಮ, ನೀನು ಮಾಡಿದ್ದನ್ನ ಯಾರಾದ್ರೂ ನೋಡ್ಕೊಂಡು ಹಾಗೇ ಮಾಡಿಬಿಟ್ರೆ?"

"ಯಾರು ಏನು ಮಾಡಿದ್ರು?"

"ಟ್ರೆಸ್ಸಾ. ನನ್ ಶಬ್ದ."

ಅಮ್ಮನ ಬೆರಳು ನಿಂತವು. "ಕೇಳಿದ್ಯಾ ಅವಳನ್ನ?"

"ಕೇಳಿದ್ರೆ ನಿಜ ಹೇಳ್ತಾಳಾ?"

"ಹೇಳಲ್ಲ" ಎಂದಳು ಅಮ್ಮ. ಇನ್ನೊಂದು ಎಳೆ ಬಿಡಿಸುತ್ತ, "ಈ ಅಡುಗೆಮನೇಲೇ ನಾನು ಜಡೆ ಹಾಕ್ತಿದ್ದೆ ಗೊತ್ತಾ. ವಾರಕ್ಕೆ ಒಂಬತ್ತು ಹತ್ತು ಜನ ಬರೋರು. ನನ್ನ ಗೆಳತಿ ಶೆರಿಲ್ ಪಕ್ಕದಲ್ಲಿ ಕೂತು ನೋಡ್ತಾ ಇರೋಳು. ನಾನೇ ಅವಳ ಕೈ ಹಿಡಿದು ತೋರಿಸ್ದೆ. ಆಮೇಲೆ ಗ್ರಾಷಿಟ್ ರಸ್ತೇಲಿ ಜಡೆ ಹಾಕೋ ಅಂಗಡಿ ತೆಗೆದ್ಲು. ಗೋಡೆ ಮೇಲೆ ನಾನು ಹಾಕಿದ ಜಡೆಗಳ ಫೋಟೋ."

"ನೀನು ಜಗಳ ಆಡಿದ್ಯಾ?"

"ಇಲ್ಲ. ಮಾತೇ ಬಿಟ್ಟೆ." ಅಮ್ಮ ಕೂದಲನ್ನು ಬಿಗಿಯಾಗಿ ಎಳೆದಳು. ನೀವಾಳ ನೆತ್ತಿ ಚುಳ್ಳೆಂದಿತು. "ತೋರಿಸಿದ್ದು ಉಳಿಯಲ್ಲ ಮರಿ. ಅಲ್ಲಾಡ್ಬೇಡ."

ಅಮ್ಮ ಈಗ ಮಗಳ ಜಡೆ ಬಿಟ್ಟು ಬೇರೆ ಯಾರ ಜಡೆಯನ್ನೂ ಹಾಕುವುದಿಲ್ಲ ಎಂಬುದು ನೀವಾಳಿಗೆ ಹೊಳೆದದ್ದು ಆವತ್ತೇ. ಉಜ್ಜಿದ್ದು ಸರಿಯಾಯಿತು ಎಂದುಕೊಂಡು ಅವಳು ಜೇಬು ಮುಟ್ಟಿ ನೋಡಿಕೊಂಡಳು.

ಶುಕ್ರವಾರ ಸ್ಕೂಲಿನಿಂದ ಬಂದವಳೇ ಬಿಸ್ಕತ್ತಿನ ಡಬ್ಬ ತೆಗೆದಳು. ಜೇಬಿನಿಂದ ಚಿಪ್‌ಗಳನ್ನು ಹಾಸಿಗೆಯ ಮೇಲೆ ಸುರಿದಳು.

ಮೂರೂ ಒಂದೇ ಥರ. ಒಂದೇ ಅಳತೆ, ಒಂದೇ ಬಣ್ಣ, ಒಂದೇ ಬೋಳು ಬೆನ್ನು. ಸಿಂಕಿನ ಮೇಲೆ ಎಡದ್ದು, ನಡುವಿನದು, ಬಲದ್ದು ಎಂದು ಸಾಲಾಗಿ ಇಟ್ಟಿದ್ದಳು. ಅಮ್ಮ ಬಾಗಿಲು ತೆಗಿ ಎಂದಾಗ ಒಟ್ಟಿಗೆ ಬಳಿದುಕೊಂಡದ್ದು ಈಗ ನೆನಪಾಯಿತು. ಅಷ್ಟೇ ಅಲ್ಲ. ಮೊದಲನೇ ಕಾಲು ಯಾವುದೆಂದು ತೋರಿಸಲು ಬೆನ್ನಿನ ಮೂಲೆಯಲ್ಲಿ ಒಂದು ಚುಕ್ಕೆ ಇರುತ್ತಿತ್ತು. ನಂಬರ್ ಜೊತೆ ಅದೂ ಹೋಗಿತ್ತು.

ಅಂದಾಜಿನ ಮೇಲೆ ಕೂರಿಸಿ ಬ್ಯಾಟರಿ ಹಾಕಿದಳು. ಒಂದು ದೀಪವೂ ಹತ್ತಲಿಲ್ಲ. ನಡುವಿನ ಚಿಪ್ ಮುಟ್ಟಿದರೆ ಬೆರಳು ಚುರ್ರೆಂದಿತು. ಅವಳು ಬ್ಯಾಟರಿ ಕಿತ್ತೆಸೆದು, ಡಬ್ಬವನ್ನು ಎದೆಗವಚಿಕೊಂಡು ಲೈಬ್ರರಿಗೆ ಓಡಿದಳು.

ಮಿಸ್ ಒಡೆಸ್ಸಾ ನಾಳೆಯ ಪಾರ್ಟಿಗಾಗಿ ವೈರ್ ಸುತ್ತುತ್ತಿದ್ದರು. ಕಾರ್ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ರೇಡಿಯೋಗಳಿಗೆ ಬೆಸುಗೆ ಹಾಕಿದ ಕೈಗಳು ಅವು. ಡಬ್ಬದ ಮುಚ್ಚಳ ತೆಗೆದು ನೋಡಿದವರು ಕನ್ನಡಕ ಹಣೆಗೇರಿಸಿದರು.

"ಇದನ್ನ ಯಾರು ಬೋಳಿಸಿದ್ದು?"

"ನಾನೇ, ಮಿಸ್ ಒಡೆಸ್ಸಾ."

"ನಂಬರ್ ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ಯಾ?"

ನೀವಾ ತಲೆಯಲ್ಲಾಡಿಸಿದಳು. ನೋಟ್‌ಬುಕ್ ಯಾರಾದರೂ ತೆರೆದು ನೋಡಿದರೆ ಎಂದು ಬೇಕಂತಲೇ ಬರೆದಿರಲಿಲ್ಲ.

"ಏನಾದ್ರೂ ನೆನಪಿದೆಯಾ?"

"ಒಂದ್ರಲ್ಲಿ ಮೊದಲು ನಾಲ್ಕು, ಆಮೇಲೆ ಸೊನ್ನೆ."

"ಚೆನ್ನಾಗಿದೆ. ನನ್ನ ಡಬ್ಬದಲ್ಲಿರೋ ಮುಕ್ಕಾಲು ಪಾಲು ಚಿಪ್ಪು ಶುರುವಾಗೋದೇ ನಾಲ್ಕು ಸೊನ್ನೆಯಿಂದ" ಎಂದರು ಮಿಸ್ ಒಡೆಸ್ಸಾ. ನಡುವಿನ ಚಿಪ್ಪನ್ನು ಮೂಸಿ ನೋಡಿದರು. "ಇದು ಸತ್ತಿದೆ. ಉಳಿದೆರಡು ಹೇಗೋ ಗೊತ್ತಿಲ್ಲ. ಸುಮ್ನೆ ಹಾಕಿ ಹಾಕಿ ನೋಡಿದ್ರೆ ಅವೂ ಸಾಯ್ತಾವೆ."

ನೀವಾ ಕಪಾಟಿನ ಕಡೆ ಕೈ ತೋರಿಸಿದಳು. "ಆದ್ರೆ ನೀವೂ ಉಜ್ತಿದ್ರಿ ಅಂದ್ರಲ್ಲ."

ಮಿಸ್ ಒಡೆಸ್ಸಾ ಕಪಾಟಿನ ಮೇಲಿದ್ದ ಹಳೇ ಮೆಷಿನ್ನನ್ನು ಇಳಿಸಿ ಅವಳ ಮುಂದಿಟ್ಟರು. "ಇದು ನನ್ನ ಅಕ್ಕ ಬರ್ನೀಸ್ ಕಟ್ಟಿದ್ದು. ಇಂಥಾ ಬೇಸ್ ಡ್ರಮ್ಮು ಈ ಊರಲ್ಲಿ ಯಾರ ಹತ್ರಾನೂ ಇರ್ಲಿಲ್ಲ. ನಂಗೂ ಹೇಳ್ಕೊಡ್ಲಿಲ್ಲ ಅವಳು. ಅವಳು ಹೋದ ಮೇಲೆ ಒಂದಿನ ಇದೂ ನಿಂತುಹೋಯ್ತು. ಒಳಗೆ ಯಾವ ಚಿಪ್ಪಿದೆ ಅಂತಾನೇ ಗೊತ್ತಿಲ್ಲ, ಏನಂತ ರಿಪೇರಿ ಮಾಡ್ಲಿ? ಹನ್ನೊಂದು ವರ್ಷ ಆಯ್ತು, ಧೂಳು ಒರೆಸ್ತಾ ಇದ್ದೀನಿ."

ನೀವಾ ಆ ಮೆಷಿನ್ನಿನ ತುಕ್ಕು ಹಿಡಿದ ಬಟನ್ ಒತ್ತಿದಳು. ಕಟ್ ಎಂದಿತು, ಅಷ್ಟೇ.

"ನಿನ್ನ ಬೋರ್ಡನ್ನ ನಿನಗಿಂತ ಚೆನ್ನಾಗಿ ನೋಡಿರೋರು ಒಬ್ರಿದ್ದಾರೆ" ಎಂದರು ಮಿಸ್ ಒಡೆಸ್ಸಾ, ವೈರ್ ಸುತ್ತುತ್ತ. "ಹೋಗಿ ಕೇಳು. ನಾನು ಏಳು ಗಂಟೆವರೆಗೂ ಇಲ್ಲೇ ಇರ್ತೀನಿ."

ಅಂದರೆ ಇವರಿಗೂ ಗೊತ್ತಿತ್ತು! ಗೊತ್ತಿದ್ದೂ ಸುಮ್ಮನಿದ್ದರು. ಇಬ್ಬರೂ ಸೇರಿಕೊಂಡಿದ್ದಾರೆಯೇ? ಹಾಗಾದರೆ ತಾನು ಕೇಳಲು ಹೋದರೆ ಟ್ರೆಸ್ಸಾ ನಕ್ಕು ಬೇಕೆಂದೇ ತಪ್ಪು ನಂಬರ್ ಕೊಡಬಹುದು. ಇರುವ ಎರಡೂ ಸುಟ್ಟುಹೋಗಬಹುದು. ದಾರಿಯುದ್ದಕ್ಕೂ ಇದನ್ನೇ ಯೋಚಿಸುತ್ತ ನೀವಾ ಎರಡು ಸಲ ನಿಂತಳು, ಒಂದು ಸಲ ಅರ್ಧ ದಾರಿ ಹಿಂದೆಯೂ ಬಂದಳು. ಆದರೆ ಬೇರೆ ದಾರಿಯೇ ಇರಲಿಲ್ಲ.

ಟ್ರೆಸ್ಸಾಳ ಮನೆಯಲ್ಲಿ ಮೀನು ಕರಿಯುವ ವಾಸನೆ. ಅವಳು ಅಡುಗೆಮನೆಯ ಮೇಜಿನ ಹತ್ತಿರ ಕೂತಿದ್ದಳು. ನೀವಾಳನ್ನು ಕಂಡೊಡನೆ ಮುಂದಿದ್ದ ಡಬ್ಬವನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಏನು ಮಹಾರಾಣಿ, ದಾರಿ ತಪ್ಪಿ ಬಂದ್ಯಾ? ವಾರ ಆಯ್ತು ಮಾತಾಡಿ."

"ನನ್ನ ಮೆಷಿನ್ ಸತ್ತೋಯ್ತು."

"ಹೇಗೆ?"

"ಚಿಪ್ ಮೇಲಿನ ನಂಬರ್ ಉಜ್ಜಿಬಿಟ್ಟೆ."

"ಯಾಕೇ?"

ನೀವಾ ತನ್ನ ಬೂಟು ನೋಡಿದಳು. ಸುಳ್ಳು ಹೇಳಬಹುದಿತ್ತು. "ನೀನು ನೋಡಬಾರ್ದು ಅಂತ."

ಟ್ರೆಸ್ಸಾಳಿಗೆ ಮೊದಲು ನಗು ಬಂತು. "ದಡ್ಡೀ, ನಾನು ನೋಡಿ ಎಷ್ಟೋ ದಿನ ಆಗಿತ್ತಲ್ಲೇ." ಆಮೇಲೆ ನಗು ಇಳಿದುಹೋಯಿತು. "ನಾನು ಕದ್ದೆ ಅಂದ್ಕೊಂಡ್ಯಾ?"

"ಜಾಕೆಟ್ ಯಾಕೆ ಮುಚ್ಚಿದ್ದೆ ಮತ್ತೆ?"

"ನಿನ್ನ ಮೂರೇ ಚಿಪ್ ಹಾಕಿದ್ರೂ ಸರಿಯಾಗಿ ಬರ್ತಿರ್ಲಿಲ್ಲ. ನಿಂದು ಟಿಸ್-ಠಕ್ ಅಂತ ನಿಲ್ಲುತ್ತೆ, ನಂದು ಕೊನೇಲಿ ಸೀನಿದ ಹಾಗೆ. ನಾಚಿಕೆ ಆಯ್ತು."

"ನನ್ನ ಕೇಳಬಹುದಿತ್ತು."

"ಕೇಳಿದ್ರೆ ಹೇಳ್ಕೊಡ್ತಿದ್ಯಾ?"

ಒಲೆಯ ಮೇಲೆ ಮೀನು ಚುರುಗುಟ್ಟುತ್ತಿತ್ತು. ಟ್ರೆಸ್ಸಾಳ ಅಜ್ಜಿ ಚಿಮಟ ಹಿಡಿದು ಬೆನ್ನು ತಿರುಗಿಸಿ ನಿಂತಿದ್ದರು. ಆದರೆ ಅವರ ಕಿವಿ ಇತ್ತಲೇ ಇತ್ತು.

"ಇಲ್ಲ" ಎಂದಳು ನೀವಾ ಕೊನೆಗೆ.

ಟ್ರೆಸ್ಸಾ ತೊಡೆಯ ಮೇಲಿದ್ದ ಡಬ್ಬವನ್ನು ನಿಧಾನವಾಗಿ ಮೇಜಿನ ಮೇಲಿಟ್ಟಳು. ಅದು ಹಳೆಯ ಊಟದ ಡಬ್ಬ. ಮುಚ್ಚಳದ ಮೇಲೆ ನಾಲ್ಕು ತಿರುಗಿಸುವ ಗುಂಡಿಗಳು. ಒಂದೊಂದರ ಕೆಳಗೂ ಬಿಳಿ ಟೇಪ್ ಅಂಟಿಸಿ ಪೆನ್ನಿನಲ್ಲಿ ಬರೆದಿತ್ತು. ಮೊದಲನೆಯದು "ಜೋರು". ಎರಡನೆಯದು "ಬೇಗ". ಮೂರನೆಯದು "ಢಂ". ನಾಲ್ಕನೆಯದರ ಮೇಲೆ ಟ್ರೆಸ್ಸಾ ಹೆಬ್ಬೆರಳು ಒತ್ತಿಕೊಂಡಿದ್ದಳು.

"ಬೆರಳು ತೆಗಿ" ಎಂದಳು ನೀವಾ. ಅವಳ ದನಿಯಲ್ಲಿ ಅನುಮಾನ ಇನ್ನೂ ಪೂರ್ತಿ ಹೋಗಿರಲಿಲ್ಲ.

ಟ್ರೆಸ್ಸಾ ತೆಗೆದಳು. ಟಿಸ್-ಠಕ್ ಹೊರಡಿಸುವ ಆ ಗುಂಡಿಯ ಟೇಪಿನ ಮೇಲೆ "ನೀವಾ" ಎಂದು ಬರೆದಿತ್ತು. ಅಕ್ಷರಗಳು ಮಾಸಿದ್ದವು. ನಿನ್ನೆ ಮೊನ್ನೆ ಬರೆದದ್ದಲ್ಲ.

"ಬೇಡ ಅಂದ್ರೆ ಕಿತ್ತುಹಾಕ್ತೀನಿ" ಎಂದು ಟ್ರೆಸ್ಸಾ ಟೇಪಿನ ತುದಿಯನ್ನು ಉಗುರಿನಿಂದ ಎಬ್ಬಿಸತೊಡಗಿದಳು.

ನೀವಾ ಅವಳ ಕೈಯನ್ನು ಪಕ್ಕಕ್ಕೆ ಸರಿಸಿದಳು. ಎದ್ದ ತುದಿಯನ್ನು ಮತ್ತೆ ಒತ್ತಿ ಅಂಟಿಸಿದಳು. ಆಮೇಲೆ ಮುಚ್ಚಳ ತೆರೆದು, ಎಡಗೈ ಮುಂದೆ ಚಾಚಿ, ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡಳು.

"ಓದು. ಎಡಗಡೆಯಿಂದ."

"ಕಾಗದ ಕೊಡ್ಲಾ?"

"ಬೇಡ. ಓದು."

ಟ್ರೆಸ್ಸಾ ಓದಿದಳು, ನೀವಾ ಅಂಗೈ ಮೇಲೆ ಬರೆದುಕೊಂಡಳು. ಮೂರು ಚಿಪ್, ಮೂರು ನಂಬರ್, ಚುಕ್ಕೆ ಯಾವ ಕಡೆಗೆ ಎಂಬುದಕ್ಕೆ ಮೂರು ಬಾಣ. ಅಜ್ಜಿ ತಟ್ಟೆಗೆ ಮೀನು ಹಾಕುತ್ತ, "ತಿಂದ್ಕೊಂಡು ಹೋಗ್ರೇ ಇಬ್ರೂ" ಎಂದರು. ತಿನ್ನಲು ಹೊತ್ತಿರಲಿಲ್ಲ, ಮಿಸ್ ಒಡೆಸ್ಸಾರ ಡಬ್ಬದಲ್ಲಿ ಈ ನಂಬರಿನ ಚಿಪ್ ಹುಡುಕಬೇಕಿತ್ತು. ಏಳಕ್ಕೆ ಇನ್ನು ಇಪ್ಪತ್ತೇ ನಿಮಿಷ. ಟ್ರೆಸ್ಸಾ ಎರಡು ತುಂಡನ್ನು ಬ್ರೆಡ್ಡಿನ ನಡುವೆ ಇಟ್ಟುಕೊಂಡು ಜಾಕೆಟ್ ಹಾಕಿಕೊಂಡಳು.

ಲೈಬ್ರರಿಯ ಕಡೆಗೆ ಇಬ್ಬರೂ ಬಿರಬಿರನೆ ನಡೆದರು. ಎದುರಿಗೆ ಅವರ ಕ್ಲಾಸಿನ ಮಕ್ಕಳು ಸೈಕಲ್ಲಿನಲ್ಲಿ ಬಂದರು. "ಏನೇ ನೀವಾ, ಕೈಮೇಲೆ ಏನು ಬರ್ಕೊಂಡಿದ್ದೀಯ?" ಎಂದು ಒಬ್ಬಳು ಬಗ್ಗಿ ನೋಡಿದಳು. ನೀವಾಳ ಬೆರಳುಗಳು ಮಡಚಿಕೊಳ್ಳಲು ಹೋದವು. ಅಂಗೈ ಬೆವರಿದರೆ ಶಾಯಿ ಅಳಿಸಿಹೋಗುತ್ತದೆ. ಅವಳು ಬೆರಳುಗಳನ್ನು ಬಿಡಿಸಿ, ಕೈಯನ್ನು ಗಾಳಿಗೆ ಹಾಗೇ ಅಗಲವಾಗಿ ಹಿಡಿದುಕೊಂಡು ನಡೆದಳು.