ಕಿಟಕಿ ಪಕ್ಕದ ಕುರ್ಚಿ

“ಇದನ್ನ ಬರೆದಿದ್ದು ನೀನೇನಾ?”

ತುಕುಮಾನ್ ಊರಿನ ಕಾನೂನು ಕಾಲೇಜಿನ ಅಂಗಳದಲ್ಲಿ ಆ ದನಿ ಎದ್ದಾಗ, ಕಂಬದ ಮೇಲಿದ್ದ ಪಾರಿವಾಳಗಳು ಹಾರಿ ಪಕ್ಕದ ಪ್ರಾಂತ್ಯದಲ್ಲೇ ಇಳಿದವು. ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮೀಸೆ ಬೋಳಿಸಿ!

ಲುದ್ಮಿಲಾ ತಿರುಗಿದಳು. ಎದುರಿಗೆ ನಹುವೆಲ್ ಒಕಾಂಪೊ. ಕೈಯಲ್ಲಿ, ಗೋಡೆಯಿಂದ ಕಿತ್ತು ತಂದ ಅವಳದೇ ಬರಹ: ‘ನಮ್ಮ ಕಾಲೇಜು, ಇದ್ದದ್ದು ಇದ್ದ ಹಾಗೆ.’

“ಹೌದು, ನಾನೇ. ಏನೀಗ?”

“ಏನೂ ಇಲ್ಲ. ಅಕ್ಷರ ಚೆನ್ನಾಗಿದೆ.”

ಅಷ್ಟೇ! ಕಾಗದ ಅವಳ ಕೈಗಿತ್ತು ಹೊರಟೇ ಹೋದ. ಬೈದಿದ್ದರೆ ಅವಳು ಹತ್ತು ತಿರುಗಿ ಬೈಯುತ್ತಿದ್ದಳು. ಆದರೆ ಆ ಕಣ್ಣುಗಳು... ಎದೆಯಲ್ಲಿ ಮುಳ್ಳು ಮುರಿದಂತಾಯಿತು.

ಹೊಸ ವಿದ್ಯಾರ್ಥಿಗಳಿಗೆಂದು ಅವಳು ಇದ್ದದ್ದನ್ನೇ ಬರೆದಿದ್ದಳು. ಕ್ಯಾಂಟೀನಿನ ಕಾಫಿಯಲ್ಲಿ ಬಟ್ಟೆ ಒಗೆಯಬಹುದು. ಮೂರನೇ ಮಹಡಿಯ ಫ್ಯಾನು ತಿರುಗಿದ್ದನ್ನು ಕಂಡವರು ಯಾರೂ ಬದುಕಿಲ್ಲ. ಗ್ರಂಥಾಲಯದಲ್ಲಿ ಮೂರು ಸಾವಿರ ಜನಕ್ಕೆ ನೂರು ಕುರ್ಚಿ. ಅದರಲ್ಲೂ ನಹುವೆಲ್ ಒಕಾಂಪೊ ಎಂಬ ಮಹಾರಾಜ ದಿನಾ ಬೆಳಿಗ್ಗೆ ಏಳಕ್ಕೇ ಬಂದು, ತನ್ನ ಗ್ಯಾಂಗಿಗೆಂದು ಹನ್ನೆರಡು ಕುರ್ಚಿಗಳ ಮೇಲೆ ಚೀಲ, ಪುಸ್ತಕ, ಕೊನೆಗೆ ಕಾಲುಚೀಲ ಕೂಡ ಇಡುತ್ತಾನೆ! ಒಂದೆರಡು ದಿನ ಬೇಗ ಬಂದಿದ್ದಾಗ ಬಾಗಿಲಿನಿಂದಲೇ ಇಣುಕಿ ಅವಳು ಎಣಿಸಿದ್ದಳು.

ಕಾಲೇಜು ಬಿದ್ದು ಬಿದ್ದು ನಕ್ಕಿತು. ಗ್ರಂಥಾಲಯ ಸಮಿತಿಯ ಅಧ್ಯಕ್ಷೆ ಡಾಕ್ಟರ್ ಬಾರಿಯೊನುಎವೊ ಮಾತ್ರ ನಗಲಿಲ್ಲ. ಪರೀಕ್ಷೆಗಳು ಮುಗಿಯುವವರೆಗೆ ನಹುವೆಲ್ ಗ್ರಂಥಾಲಯದ ಹೊಸ್ತಿಲು ತುಳಿಯಕೂಡದೆಂದು ನೋಟೀಸು ಅಂಟಿಸಿದರು. ಭೂಮಧ್ಯರೇಖೆಯ ಕೆಳಗಿನ ಆ ಊರಿಗೆ ಡಿಸೆಂಬರ್ ಎಂದರೆ ನಡುಬೇಸಿಗೆ, ಕಲ್ಲು ಕೂಡ ಬೆವರುವ ಕಾಲ. ಅವನು ಅಂಗಳದ ಕಿತ್ತಳೆ ಮರದಡಿಯ ಬೆಂಚಿನಲ್ಲಿ ಕುಳಿತು ಓದತೊಡಗಿದ.

ಮಾರನೇ ದಿನ ಏಳೂಮುಕ್ಕಾಲಿಗೆ, ದೂರದ ತಾಫೀ ವಿಯೆಹೊ ಊರಿನ ಬಸ್ಸಿಳಿದು ಎಂದಿನಂತೆ ಓಡಿ ಬಂದ ಲುದ್ಮಿಲಾ ಗ್ರಂಥಾಲಯದ ಬಾಗಿಲಲ್ಲೇ ನಿಂತಳು.

ಅವಳ ಕಿಟಕಿ ಪಕ್ಕದ ಕುರ್ಚಿಯಲ್ಲಿ ಯಾರೋ ಕುಳಿತಿದ್ದರು!

ಮೂರು ವರ್ಷದಲ್ಲಿ ಒಂದು ದಿನವೂ ಹೀಗಾಗಿರಲಿಲ್ಲ. ಹಿಂದೆ ನೋಡಿದರೆ, ಅದೇ ಬಸ್ಸಿನ ಹನ್ನೊಂದು ಮಂದಿ ಪುಸ್ತಕ ತಬ್ಬಿಕೊಂಡು ಗೋಡೆಗೆ ಒರಗಿದ್ದಾರೆ. ಅವರಲ್ಲೊಬ್ಬಳು ಸುಲ್ಮಾ, ರಾತ್ರಿಯಿಡೀ ಆಸ್ಪತ್ರೆಯಲ್ಲಿ ದುಡಿದು ನೇರ ಓದಲು ಬರುವವಳು.

“ಏನು ಮಹಾರಾಣಿ, ಕುರ್ಚಿ ಸಿಗಲಿಲ್ವಾ?” ಎಂದಳು ಸುಲ್ಮಾ.

“ದಿನಾ ಖಾಲಿ ಇರ್ತಿತ್ತಲ್ಲ...”

“ಇರ್ತಿತ್ತಾ? ಆಕಾಶದಿಂದ ಬೀಳ್ತಿತ್ತಾ? ನಮ್ಮ ಬಸ್ಸು ಬರೋ ಹೊತ್ತಿಗೆ ಕುರ್ಚಿಯ ಒಂದು ಕಾಲೂ ಉಳಿಯಲ್ಲ ಅಂತ ಆ ಹುಡುಗ ನಮಗೆಲ್ಲ ಹಿಡಿದಿಡ್ತಿದ್ದ ಕಣೇ! ಬಸ್ಸು ತಿರುವಿಗೆ ಬಂದ ಕೂಡಲೇ ಚೀಲ ಎತ್ತಿಬಿಡೋನು. ಕಿಟಕಿ ಪಕ್ಕದ್ದರ ಮೇಲೆ ಕಾಲುಚೀಲ ಇಡ್ತಿದ್ದ, ಬೇರೆ ಯಾರೂ ಮುಟ್ಟಬಾರದು ಅಂತ. ಅದು ಯಾರಿಗೆ ಅಂತ ನಾನು ಬಾಯಿ ಬಿಟ್ಟು ಹೇಳಬೇಕಾ?”

ಲುದ್ಮಿಲಾಳ ಕಾಲಡಿಯ ನೆಲ ಪಾತಾಳಕ್ಕಿಳಿಯಿತು. ಹನ್ನೆರಡನೆಯವಳು... ನಾನೇ!

ಒಂದೇ ಉಸಿರಿಗೆ ಕಿತ್ತಳೆ ಮರದಡಿ ಬಂದಳು.

“ಸಮಿತಿ ಮುಂದೆ ಯಾಕೆ ಹೇಳಲಿಲ್ಲ ನೀನು?”

“ಹೇಳಿದ್ರೆ ಹನ್ನೆರಡು ಹೆಸರು ಕೇಳ್ತಿದ್ರು. ಎಲ್ಲರೂ ಹೊರಗೆ.” ಅವನು ಪುಸ್ತಕದಿಂದ ತಲೆ ಎತ್ತಲಿಲ್ಲ. “ನೀನು ಸುಳ್ಳೇನು ಬರೀಲಿಲ್ಲ. ಚೀಲ ಇಟ್ಟಿದ್ದು ನಾನೇ. ಹೋಗು, ಓದಿಕೋ. ಶುಕ್ರವಾರ ನಿನ್ನ ಕೊನೇ ಪರೀಕ್ಷೆ ಅಲ್ವಾ?”

ಅದೂ ಗೊತ್ತು ಇವನಿಗೆ! ಅವಳು ‘ಕ್ಷಮಿಸು’ ಎನ್ನುವ ಮೊದಲೇ ಅವನು ಪುಟ ತಿರುಗಿಸಿದ.

ಶುಕ್ರವಾರ. ಸಾಕ್ಷ್ಯಶಾಸ್ತ್ರದ ಮೌಖಿಕ ಪರೀಕ್ಷೆ. ಮೇಜಿನಾಚೆ ಅದೇ ಬಾರಿಯೊನುಎವೊ! ಅವರ ಕನ್ನಡಕ ನೋಡಿಯೇ ಇಬ್ಬರು ಮೂರ್ಛೆ ಹೋದದ್ದುಂಟು. ನಾನು ಮೂವರು ಎನ್ನುತ್ತೇನೆ. ಯಾರು ಬೇಕಾದರೂ ಹಿಂದೆ ಕುಳಿತು ಪರೀಕ್ಷೆ ಕೇಳಬಹುದಿತ್ತು. ಸುಲ್ಮಾ ಬಂದಿದ್ದಳು. ಬಾಗಿಲ ಬಳಿ... ನಹುವೆಲ್ ಕೂಡ!

‘ನನ್ನ ಸೋಲು ನೋಡೋಕೆ ಬಂದನಾ?’

ಪಾಠದ ಸಂಖ್ಯೆ ಬರೆದ ಗೋಲಿಗಳಿದ್ದ ಮರದ ಉರುಳೆಯನ್ನು ಲುದ್ಮಿಲಾ ತಿರುಗಿಸಿದಳು. ಗಡಗಡ ಸದ್ದಾಗಿ ಒಂದು ಗೋಲಿ ಉದುರಿತು. ಹದಿನಾಲ್ಕು.

“ಪ್ರತ್ಯಕ್ಷ ಸಾಕ್ಷಿ,” ಎಂದರು ಬಾರಿಯೊನುಎವೊ. “ಹೇಳಿ. ಸುಳ್ಳೇ ಹೇಳದ ಸಾಕ್ಷಿಯಿಂದ ನಿರಪರಾಧಿಗೆ ಶಿಕ್ಷೆಯಾಗಬಹುದೇ?”

ಪುಸ್ತಕದ ಉತ್ತರ ಅವಳಿಗೆ ಬಾಯಿಪಾಠ. ಆದರೆ ನಾಲಿಗೆ ಬೇರೆಯೇ ದಾರಿ ಹಿಡಿಯಿತು.

“ಆಗಬಹುದು ಡಾಕ್ಟರ್... ಆಗಿದೆ. ಆ ಸಾಕ್ಷಿ ನಾನೇ.”

ಲುದ್ಮಿಲಾ ಬಾಗಿಲತ್ತ ಬೆರಳು ತೋರಿಸಿದಳು.

“ನಾನು ಚೀಲಗಳನ್ನ ನೋಡಿದೆ, ಕುರ್ಚಿಗಳನ್ನ ಎಣಿಸಿದೆ, ಎಲ್ಲಾ ನಿಜ. ಅವು ಯಾರಿಗೆ ಅಂತ ಮಾತ್ರ ಕೇಳಲಿಲ್ಲ. ದೂರದ ಬಸ್ಸಿನಲ್ಲಿ ಬರೋರಿಗಾಗಿ ಇಟ್ಟಿದ್ದು. ಒಂದು ನನಗೇ. ಮೂರು ವರ್ಷ ಅದರಲ್ಲೇ ಕೂತು ಓದಿ, ಅದನ್ನ ಇಟ್ಟವನ ಮರ್ಯಾದೆ ತೆಗೆದೆ. ನಂಬರ್ ಕಡಿಮೆ ಕೊಡಿ, ಫೇಲ್ ಮಾಡಿ, ನನ್ನನ್ನ ಗ್ರಂಥಾಲಯದಿಂದ ಹೊರಗೆ ಹಾಕಿ... ಅವನನ್ನ ಒಳಗೆ ಬಿಡಿ.”

ಬಾರಿಯೊನುಎವೊ ಕನ್ನಡಕ ತೆಗೆದರು. ಒರೆಸಿದರು. ಆ ಒರೆಸುವಿಕೆಯಲ್ಲಿ ಒಂದು ಯುಗ ಕಳೆಯಿತು. ಆಮೇಲೆ ಮುಕ್ಕಾಲು ಗಂಟೆ ಪ್ರಶ್ನೆಗಳಿಂದ ಅವಳನ್ನು ಹಿಂಡಿದರು.

“ಹತ್ತಕ್ಕೆ ಎಂಟು,” ಎಂದರು ಕೊನೆಗೆ. “ಹತ್ತು ಕೊಡ್ತಿದ್ದೆ. ವಿಚಾರಿಸದೆ ಸಾಕ್ಷಿಯನ್ನ ನಂಬಿದ ನ್ಯಾಯಾಧೀಶರ ತಪ್ಪೇನು ಅಂತ ನೀವು ಹೇಳಲೇ ಇಲ್ಲ.” ನಂತರ ಬಾಗಿಲತ್ತ ನೋಡಿದರು. “ಒಕಾಂಪೊ, ನಾಳೆ ಏಳಕ್ಕೆ ಬಾಗಿಲು ತೆಗೆದಿರುತ್ತೆ. ಕಾಲುಚೀಲ ಮಾತ್ರ ಬೇಡ.”

ಲುದ್ಮಿಲಾ ತಿರುಗುವಷ್ಟರಲ್ಲಿ ಬಾಗಿಲಲ್ಲಿ ಯಾರೂ ಇರಲಿಲ್ಲ!

ಲುದ್ಮಿಲಾ ತೊಯ್ದ ಕಣ್ಣುಗಳೊಂದಿಗೆ ಹೊರಬಂದಳು. ಪದವಿಯ ಕೊನೆಯ ಪರೀಕ್ಷೆ ಗೆದ್ದವರನ್ನು ಮೊಟ್ಟೆ, ಹಿಟ್ಟಿನಲ್ಲಿ ಅದ್ದದೆ ಆ ಊರು ಮನೆಗೆ ಕಳಿಸುವುದಿಲ್ಲ. ಮೊದಲ ಮೊಟ್ಟೆ ತೀರಾ ಹತ್ತಿರದವರ ಹಕ್ಕು. ನನಗಾಗಿ ಯಾರು ಬಂದಿರುತ್ತಾರೆ...

ಟಪ್!

ನೆತ್ತಿಯ ಮೇಲಿಂದ ಲೋಳೆ ಇಳಿಯಿತು. ಎದುರಿಗೆ ಚಿಪ್ಪು ಹಿಡಿದು ನಿಂತವನು ನಹುವೆಲ್! ಹಿಂದೆ ಹಿಟ್ಟಿನ ಪೊಟ್ಟಣಗಳೊಡನೆ ಇಡೀ ಬಸ್ಸು.

“ಮೊದಲನೇದು ನಂದೇ ಅಂತ ಸುಲ್ಮಾ ಹತ್ತಿರ ಜಗಳ ಆಡಿದೆ,” ಎಂದ ಅವನು.

“ಕ್ಷಮಿಸ್ತೀಯಾ?”

“ಮೊಟ್ಟೆ ಒಡೆದಾಯ್ತಲ್ಲ, ಲೆಕ್ಕ ಚುಕ್ತಾ. ಆದ್ರೆ ಒಂದೇ ಚಿಂತೆ. ನಾಳೆಯಿಂದ ನೀನು ಓದೋಕೆ ಬರಲ್ಲ. ಕಿಟಕಿ ಪಕ್ಕದ ಕುರ್ಚಿ ಯಾರಿಗೆ ಹಿಡೀಲಿ?”

ಲುದ್ಮಿಲಾ ರೆಪ್ಪೆಯ ಮೇಲಿನ ಹಳದಿ ಒರೆಸಿಕೊಂಡಳು.

“ಅದನ್ನ ಸುಲ್ಮಾಗೆ ಕೊಡು. ನಂಗೆ ಬಸ್ಸಲ್ಲಿ ಹಿಡಿ... ನಿನ್ನ ಪಕ್ಕದಲ್ಲಿ.”

“ನಾನು ಆ ಬಸ್ಸಿಗೆ ಬರಲ್ವಲ್ಲ!”

“ಇವತ್ತಿಂದ ಬಾ. ಅಮ್ಮ ಊಟಕ್ಕೆ ಕಾಯ್ತಿರ್ತಾಳೆ.”