ಬಾಸ್ಕೆಟ್ ಕೆಳಗಿನ ಹುಡುಗಿ

“ಆ ಹುಡುಗಿ ನನ್ನ ತಂಡಕ್ಕೆ ಬೇಕು,” ಎಂದಳು ಕ್ಯಾಪ್ಟನ್.

“ಕೊಡಲ್ಲ,” ಎಂದ ಹೊಸ ಕೋಚ್, ತಲೆಯನ್ನೂ ಎತ್ತದೆ.

ಅಂಗಳದಲ್ಲಿದ್ದ ಹುಡುಗಿಯರೆಲ್ಲ ಚೆಂಡು ಬಡಿಯುವುದನ್ನು ನಿಲ್ಲಿಸಿ ಇವರನ್ನೇ ನೋಡಿದರು. ಕ್ಲಬ್ಬಿನ ಹಿರಿಯ ತಂಡದ ಕ್ಯಾಪ್ಟನ್‌ಗೆ ಎದುರು ಮಾತಾಡಿದವರೇ ಇಲ್ಲ. ಇವನೋ, ಹಗಲೆಲ್ಲ ಕನ್ನಡಕದಂಗಡಿಯಲ್ಲಿ ಕೂತು, ಸಂಜೆ-ಬೆಳಿಗ್ಗೆ ಕಿರಿಯರಿಗೆ ಆಟ ಕಲಿಸಲು ಮೊನ್ನೆ ಮೊನ್ನೆ ಬಂದವನು…

“ನೋಡಿ, ಈ ಸಲ ಸೋತ್ರೆ ನಾವು ಕೆಳಗಿನ ದರ್ಜೆಗೆ ಇಳೀತೀವಿ. ಎತ್ತರ ಇರೋಳು ನಾನೊಬ್ಬಳೇ. ಕೊಕ್ಕರೆ ಬಂದು ಬಾಸ್ಕೆಟ್ ಕೆಳಗೆ ಸುಮ್ನೆ ನಿಂತ್ರೆ ಸಾಕು.”

ಕೊಕ್ಕರೆ ಎಂದರೆ ಕಿರಿಯರ ತಂಡದ ಉದ್ದ ಕಾಲಿನ ಹುಡುಗಿ. ತನ್ನ ಹೆಸರು ಕೇಳಿ ಇನ್ನೂ ಕುಗ್ಗಿ ನಿಂತಳು.

“ಅದಕ್ಕೇ ಕೊಡಲ್ಲ ಮೇಡಂ. ಕಂಬ ನಿಲ್ಲಿಸಿದ ಹಾಗೆ ನಿಲ್ಲಿಸ್ತೀರಿ. ಅವಳು ಮೊದಲು ಚೆಂಡು ಬಡೀತಾ ಓಡೋದು ಕಲೀಲಿ. ನೀವೂ ಬನ್ನಿ ಬೆಳಿಗ್ಗೆ, ಮಕ್ಕಳ ಜೊತೆ.”

ಕಂಬ… ಮಕ್ಕಳ ಜೊತೆ… ಕ್ಯಾಪ್ಟನ್‌ಳ ಕಿವಿ ಬಿಸಿಯಾಯಿತು. ‘ನನ್ನ ಆಟ ಮುಗೀತು ಅಂತ ಎಲ್ಲರ ಮುಂದೆ ಹೇಳ್ತಿದ್ದಾನೆ.’

ಮನೆಯಲ್ಲೂ ಅದೇ ಮಾತು. ಅಮ್ಮ ಬಟ್ಟೆ ಮಡಚುತ್ತಾ ಕೇಳಿಸಿಕೊಂಡರು.

“ಮೂರು ಹೊತ್ತೂ ಅವನನ್ನೇ ಬೈತಿದ್ದೀಯಲ್ಲೇ… ನೋಡೋಕೆ ಹೇಗಿದ್ದಾನೆ?”

“ಅಮ್ಮಾ, ಸುಮ್ನಿರು.”

ಕಿರಿಯರ ಪಂದ್ಯಕ್ಕೆ ಅವಳು ಹೋದದ್ದು ತಪ್ಪು ಹುಡುಕಲೆಂದೇ. ಹಿಂದಿನ ಸಾಲಲ್ಲಿ ಕೈ ಕಟ್ಟಿ ಕೂತಳು. ಎದುರಾಳಿಗಳು ಕೊಕ್ಕರೆಯನ್ನು ಸುತ್ತುವರಿದರು. ‘ಪಾಸ್ ಮಾಡೇ,’ ಎಂದುಕೊಂಡಳು. ಹುಡುಗಿ ಮಾಡಲಿಲ್ಲ. ತಗ್ಗಿ, ತಿರುಗಿ, ಎಲ್ಲರ ನಡುವಿಂದ ಚೆಂಡನ್ನು ಆ ತುದಿಯವರೆಗೂ ಒಯ್ದು ಬಾಸ್ಕೆಟ್‌ಗೆ ಹಾಕಿಯೇಬಿಟ್ಟಳು.

ಕ್ಯಾಪ್ಟನ್ ಕಟ್ಟಿದ್ದ ಕೈ ಬಿಟ್ಟು ಮುಂದಕ್ಕೆ ಬಾಗಿದಳು.

ಆ ವಯಸ್ಸಿನಲ್ಲಿ ಅವಳನ್ನೂ ಎತ್ತರ ಕಂಡು ಹಿರಿಯರ ತಂಡಕ್ಕೆ ಎಳೆದುಕೊಂಡಿದ್ದರು. ‘ಅಲ್ಲೇ ನಿಲ್ಲು, ಕೈ ಎತ್ತು.’ ಇಷ್ಟು ವರ್ಷ ಅಲ್ಲೇ ನಿಂತಿದ್ದಳು. ಓಡು ಎಂದವರು ಯಾರೂ ಇರಲಿಲ್ಲ… ಇವನೊಬ್ಬನನ್ನು ಬಿಟ್ಟು.

ಮರುದಿನ ಬೆಳಿಗ್ಗೆ ಮಕ್ಕಳ ಸಾಲಿನ ಕೊನೆಯಲ್ಲಿ ಬಂದು ನಿಂತಳು. ಚೆಂಡು ಎರಡು ಹೆಜ್ಜೆಗೇ ಕಾಲಿಗೆ ತಾಗಿ ಉರುಳಿಹೋಯಿತು.

“ಅಕ್ಕಾ, ಚೆಂಡನ್ನ ಯಾಕೆ ಗುರಾಯಿಸ್ತೀರಾ? ಅದು ಓಡಿಹೋಗದೆ ಇನ್ನೇನು ಮಾಡುತ್ತೆ?” ಎಂದಳು ಕೊಕ್ಕರೆ. ಮಕ್ಕಳೆಲ್ಲ ನಕ್ಕರು. ಅವಳಿಗೂ ನಗು ಬಂತು. ಕೋಚ್ ಮಾತ್ರ ನಗಲಿಲ್ಲ. ಚೆಂಡು ತಂದು ಮತ್ತೆ ಅವಳ ಕೈಗಿಟ್ಟ.

ದಿನಾ ಹಾಗೆಯೇ ತಂದಿಡುತ್ತಿದ್ದ. ಬರಬರುತ್ತಾ ಅವಳ ತಂಡದವರೂ ಒಬ್ಬೊಬ್ಬರಾಗಿ ಬೆಳಿಗ್ಗೆ ಬರತೊಡಗಿದರು.

ಕೊನೆಯ ಪಂದ್ಯದಲ್ಲಿ ಪಾಸ್ ಮಾಡಲು ಯಾರೂ ಸಿಗದಾಗ, ಕ್ಯಾಪ್ಟನ್ ತಾನೇ ಚೆಂಡು ಬಡಿಯುತ್ತಾ ಓಡಿದಳು. ತಂಡ ದರ್ಜೆ ಉಳಿಸಿಕೊಂಡಿತು. ಎಲ್ಲರಿಗಿಂತ ಜೋರಾಗಿ ಕೂಗಿದವಳು ಕೊಕ್ಕರೆ.

ಅಂಗಳ ಖಾಲಿಯಾದ ಮೇಲೆ ಕ್ಯಾಪ್ಟನ್, ಕೋಚ್ ಇಬ್ಬರೂ ಮೆಟ್ಟಿಲ ಮೇಲೆ ಕೂತರು.

“ಅವತ್ತು ನನ್ನ ಆಟ ಮುಗೀತು ಅಂದ್ರಿ ಅಂತ ತಿಳ್ಕೊಂಡಿದ್ದೆ.”

“ಅಯ್ಯೋ… ನೀವು ಅರ್ಧ ಆಟ ಇನ್ನೂ ಆಡೇ ಇಲ್ವಲ್ಲ ಅಂತ ಹೊಟ್ಟೆ ಉರೀತಿತ್ತು ನನಗೆ. ಹೇಳೋಕೆ ಬರಲಿಲ್ಲ.”

ಈ ಸಲ ಅವಳೇ ಚೆಂಡನ್ನು ಅವನ ಕೈಗಿಟ್ಟಳು.

“ಕೊಕ್ಕರೆ ನಿಮ್ಮ ಹತ್ರಾನೇ ಇರಲಿ. ಪೂರ್ತಿ ಕಲೀಲಿ.”

“ತುಂಬಾ ಕಾಯಬೇಕಾಗುತ್ತೆ ಮೇಡಂ.”

“ಅವಳಿಗಾಗಿ ಎಷ್ಟು ಬೇಕಾದ್ರೂ ಕಾಯ್ತೀನಿ.” ಅವಳು ಅವನ ಕಡೆ ತಿರುಗಿದಳು. “ನಿಮಗಾಗಿ ಕಾಯೋಕೆ ನನ್ನ ಕೈಲಾಗಲ್ಲ.”

ಅವನು ಚೆಂಡನ್ನು ಕೆಳಗಿಟ್ಟ.

“ನಾಳೆ… ಮನೆಗೆ ಬರ್ಲಾ?”

“ಬನ್ನಿ. ನೋಡೋಕೆ ಹೇಗಿದ್ದಾನೆ ಅಂತ ಅಮ್ಮ ಕೇಳ್ತಾನೇ ಇದ್ದಾರೆ.”