ಹೆಸರು ಕೊಟ್ಟವಳು

ಚಾಮರಾಜನಗರದ ಬ್ಯಾಂಕಿನ ಮೆಟ್ಟಿಲಿಳಿದು ಶಿವರಂಜಿನಿ ಹೊರಗೆ ಬಂದಾಗ ಕನಕರಾಜು ಬೈಕಿನ ಕನ್ನಡಿಯಲ್ಲಿ ಕ್ರಾಪು ತೀಡಿಕೊಳ್ಳುತ್ತಿದ್ದ. ಕನ್ನಡಿಯೊಳಗಿಂದಲೇ ಅವಳನ್ನು ನೋಡಿ ಹುಬ್ಬು ಹಾರಿಸಿದ. ಬೇರೆ ದಿನವಾಗಿದ್ದರೆ ಅವಳು ಮುಖ ತಿರುಗಿಸಿ, ನಗು ಕಾಣದಂತೆ ದುಪಟ್ಟಾದ ಅಂಚು ಕಚ್ಚುತ್ತಿದ್ದಳು.

"ಏನಮ್ಮಿ, ಬ್ಯಾಂಕ್ ಮೇಡಮ್ಮು! ಇನ್ಮೇಲೆ ನಿನ್ನ ಮಾತಾಡಿಸ್ಬೇಕಂದ್ರೆ ನಾನೂ ಕ್ಯೂ ನಿಂತ್ಕೋಬೇಕಾ?"

"ಕೆಲ್ಸ ಇಲ್ಲ ಅಂದ್ರು."

"ತಮಾಸೆ ಸಾಕು ಕಣಮ್ಮಿ."

"ಈ ಬೈಕಿನ ಕಂತು ಕಟ್ಟಿಲ್ವಂತೆ. ಐದು ತಿಂಗ್ಳಿಂದ."

ಬಾಚಣಿಗೆ ಅವನ ಕೂದಲಲ್ಲೇ ನಿಂತಿತು.

ಗುಂಡ್ಲುಪೇಟೆ ದಾಟಿ ಒಳಗಿರುವ ಅವರ ಊರಿನಲ್ಲಿ ಬ್ಯಾಂಕಿಲ್ಲ. ಪಿಂಚಣಿ ಹಣಕ್ಕೆ ಮುದುಕಿಯರು ಬಸ್ಸು ಹತ್ತಿ ಪೇಟೆಗೆ ಹೋಗಬೇಕು. ಸರ್ವರ್ ಇಲ್ಲವೆಂದರೆ ಬರಿಗೈಲಿ ವಾಪಸು ಬರಬೇಕು. ಊರಲ್ಲೇ ಕೂತು, ಬೆರಳು ಒತ್ತಿಸಿಕೊಂಡು ಹಣ ಕೊಡುವ ಬ್ಯಾಂಕ್ ಮಿತ್ರ ಕೆಲಸಕ್ಕೆ ಶಿವರಂಜಿನಿ ಅರ್ಜಿ ಹಾಕಿದ್ದಳು. ಪರೀಕ್ಷೆಯೂ ಪಾಸಾಗಿತ್ತು. ಕಾಲೋನಿಯ ಹುಡುಗಿ ಕುರ್ಚಿಯಲ್ಲಿ ಕೂರುವುದು, ಮೇಲಿನ ಬೀದಿಯವರು ಅವಳ ಮುಂದೆ ಬಂದು ಬೆರಳು ಚಾಚುವುದು! ಟೈಲರಿಂಗ್ ಮೆಷಿನ್ ತುಳಿಯುತ್ತಾ ಅವಳು ಆ ಕುರ್ಚಿಯ ಕನಸನ್ನೇ ಹೊಲಿದುಕೊಂಡಿದ್ದಳು.

ಬ್ಯಾಂಕಿನ ಅಧಿಕಾರಿ ಬೈದಿರಲಿಲ್ಲ. ಮೆತ್ತಗೆ ಹೇಳಿದ್ದ, ಅದೇ ಉರಿಯುತ್ತಿತ್ತು. "ನಿಮ್ಮ ಸಿಬಿಲ್ ಸರಿಯಿಲ್ಲ ಮೇಡಂ. ಸಾಲ ಹೇಗೆ ತೀರಿಸಿದ್ದೀರಿ ಅನ್ನೋದೆಲ್ಲ ಇದರಲ್ಲಿರುತ್ತೆ. ತನ್ನ ಸಾಲ ಕಟ್ಟದವರ ಕೈಗೆ ಊರಿನ ದುಡ್ಡು ಹೇಗೆ ಕೊಡೋದು, ನೀವೇ ಹೇಳಿ."

ಸಾಲ ಅವಳದಲ್ಲ, ಹೆಸರು ಮಾತ್ರ ಅವಳದು. ಕನಕರಾಜು ಹೊಲಹೊಲ ಸುತ್ತಿ ಚೆಂಡುಹೂ ಕೊಂಡು, ಪೇಟೆಯಲ್ಲಿ ಕೇರಳದ ಲಾರಿಗೆ ತುಂಬಿಸುವವನು. ಹೋದ ವರ್ಷ ಬೈಕ್ ಕೊಳ್ಳಲು ಹೋದಾಗ ಶೋರೂಮಿನವರು ಕೇಳಿದ್ದರು, ಹಿಂದೆ ಸಾಲ ತಗೊಂಡಿದ್ದೀರಾ ಎಂದು. "ಯಾರತ್ರಾನೂ ಒಂದ್ರುಪಾಯಿ ತಗೊಂಡವನಲ್ಲ ಸಾ" ಎಂದು ಎದೆಯುಬ್ಬಿಸಿದ್ದ. ಅದೇ ತಪ್ಪಾಯಿತು. ಸಾಲ ಮಾಡದವನಿಗೆ ಚರಿತ್ರೆಯಿಲ್ಲ, ಚರಿತ್ರೆಯಿಲ್ಲದವನಿಗೆ ಸಾಲವಿಲ್ಲ. ತಲೆತಲಾಂತರದಿಂದ ದುಡಿದವರಿಗೆ ಚರಿತ್ರೆಯಿಲ್ಲ ಎಂದು ಹೇಳಲು ಈ ನಾಡಿಗೆ ಕಂಪ್ಯೂಟರೇನೂ ಬೇಕಿರಲಿಲ್ಲ.

ಮೆಷಿನ್ನಿನ ಸಾಲವನ್ನು ಹೊತ್ತಿಗೆ ಸರಿಯಾಗಿ ತೀರಿಸಿದ್ದ ಶಿವರಂಜಿನಿಗೆ ಚರಿತ್ರೆಯಿತ್ತು. "ನನ್ನೆಸ್ರಲ್ಲಿ ತಗೋ" ಎಂದಿದ್ದಳು. ಆಗ ಅವನು ನೋಡಿದ ನೋಟಕ್ಕೆ ಅವಳು ಇನ್ನೂ ಹತ್ತು ಕಡೆ ಸೈನ್ ಹಾಕಿಬಿಡುತ್ತಿದ್ದಳು.

"ದುಡ್ಡ ಏನ್ಮಾಡ್ದೆ ಕನಕ?"

"ಕಟ್ಟಿವ್ನಿ! ತಿಂಗ್ಳು ತಿಂಗ್ಳೂ ನಿಂಗರಾಜನ ಕೈಗೇ ಕೊಟ್ಟಿವ್ನಿ."

ನಿಂಗರಾಜು ಅವನ ಚಿಕ್ಕಪ್ಪನ ಮಗ. ಸಾಲ ಕೊಟ್ಟ ಫೈನಾನ್ಸಿನಲ್ಲಿ ವಸೂಲಿ ಕೆಲಸ ಅವನದು.

"ರಸೀದಿ?"

"ತಮ್ಮ ಕಣಮ್ಮಿ ಅವ್ನು! ಮನೇಗ್ ಬಂದು, ನಮ್ಮವ್ವ ಇಕ್ಕಿದ ಮುದ್ದೆ ಉಂಡು ಓಯ್ತಿದ್ದ. ಉಣ್ಣೋವಾಗ ರಸೀದಿ ಕೊಡು ಅನ್ನಾಕಾಯ್ತದಾ?"

ಆಗುವುದಿಲ್ಲ. ಅವರಲ್ಲಿ ನಂಟನ ಕೈಗಿಟ್ಟ ಹಣಕ್ಕೆ ಚೀಟಿ ಕೇಳುವುದೆಂದರೆ ಅವನ ಮುಖಕ್ಕೆ ಉಗಿದಂತೆ. ಅದು ಅವಳಿಗೂ ಗೊತ್ತು. ಆದರೂ ಒಂದು ಗಳಿಗೆ ಅವಳ ಕಣ್ಣು ಅವನನ್ನು ಅಳೆಯಿತು. ಆ ಅಳೆಯುವಿಕೆಯನ್ನು ಅವನು ಕಂಡುಬಿಟ್ಟ.

"ಹತ್ತು" ಎಂದ, ಅಷ್ಟೆ.

ಬೈಕು ಗುಂಡ್ಲುಪೇಟೆ ಕಡೆ ಹೊರಟು ತೆರಕಣಾಂಬಿ ದಾಟಿತು. ಯಾವಾಗಲೂ ಅವನ ಭುಜದ ಮೇಲಿರುತ್ತಿದ್ದ ಕೈ ಹಿಂದಿನ ಕಂಬಿ ಹಿಡಿದಿತ್ತು. ರಸ್ತೆಯ ಎರಡೂ ಬದಿ ಹೊಲಗಳು ಹೂವಾಗಿ ಹಳದಿ ಉರಿಯುತ್ತಿದ್ದವು. ಹಂಪು ಬಂದಾಗೊಮ್ಮೆ ಅವಳ ಗಲ್ಲ ಅವನ ಬೆನ್ನಿಗೆ ತಾಗಿತು. ಇಬ್ಬರೂ ಬೆಚ್ಚಿದರು, ಅಪರಿಚಿತರ ಹಾಗೆ.

ಗುಂಡ್ಲುಪೇಟೆಯ ಫೈನಾನ್ಸ್ ಆಫೀಸಿನಲ್ಲಿ ನಿಂಗರಾಜು ಇರಲಿಲ್ಲ. ಕೆಲಸ ಬಿಟ್ಟು ತಿರುಪ್ಪೂರಿಗೆ ಹೋಗಿದ್ದನಂತೆ. ಫೋನ್ ಸ್ವಿಚ್ಡ್ ಆಫ್.

"ನಮ್ಮ ಹುಡುಗ ತಗೊಂಡ ಅನ್ನೋಕೆ ಪ್ರೂಫ್ ಇಲ್ವಲ್ಲ" ಎಂದ ಅಲ್ಲಿನ ಮ್ಯಾನೇಜರು. "ಒಂದ್ಕೆಲ್ಸ ಮಾಡಿ. ಸೆಟಲ್‌ಮೆಂಟ್ ಮಾಡ್ಕೊಳ್ಳಿ. ಉಳಿದಿರೋ ಸಾಲದಲ್ಲಿ ಅರ್ಧ ಕಟ್ಟಿದ್ರೆ ಮುಗೀತು."

ಕನಕರಾಜುವಿನ ಮುಖ ಅರಳಿತು. "ಅರ್ಧ ಸಾಕಾ? ಎಲ್ಲಾದ್ರೂ ಹೊಂದ್ಸಿ ಕಟ್ಬುಡ್ತೀನಿ ಸಾ."

"ವಸಿ ತಡಿ" ಎಂದಳು ಶಿವರಂಜಿನಿ. "ಅರ್ಧ ಕಟ್ಟಿದ್ರೆ ಸಿಬಿಲ್‌ನಲ್ಲಿ ಏನಂತ ಬರುತ್ತೆ ಸಾರ್?"

"ಸೆಟಲ್ಡ್ ಅಂತ."

"ಪೂರ್ತಿ ಕಟ್ಟಿದೋರಿಗೆ?"

"ಕ್ಲೋಸ್ಡ್ ಅಂತ."

"ಸೆಟಲ್ಡ್ ಅಂತ ನೋಡಿದ್ರೆ ಬ್ಯಾಂಕಿನೋರು ಕೆಲ್ಸ ಕೊಡ್ತಾರಾ?"

"ಕಷ್ಟ" ಎಂದ ಮ್ಯಾನೇಜರು, ಪೆನ್ನಿನ ಕ್ಯಾಪು ತೆಗೆಯುತ್ತಾ.

ಕನಕರಾಜು ಜೇಬಿನಿಂದ ಬೈಕಿನ ಕೀ ತೆಗೆದು ಮೇಜಿನ ಮೇಲಿಟ್ಟ. "ಗಾಡಿ ಮಾರ್ತೀನಿ ಸಾ. ಸಾಲ್ದಿದ್ರೆ ಮಿಕ್ಕಿದ್ದ ಕೂಲಿ ಮಾಡಿ ಕಟ್ತೀನಿ. ಪೂರ್ತಿ. ಇವಳೆಸ್ರು ಮುಂದೆ ಕ್ಲೋಸ್ಡ್ ಅಂತ್ಲೇ ಬರೀಬೇಕು."

ಆ ಕೀ ನೋಡಿಯೂ ಅವಳ ಸಿಟ್ಟು ಕರಗಲಿಲ್ಲ. ಕೊಟ್ಟ ಹಣವನ್ನೇ ಇನ್ನೊಮ್ಮೆ ಕೊಡಬೇಕೆ? ತಿಂದವನು ತಿರುಪ್ಪೂರಿನಲ್ಲಿ, ಕಳಂಕ ಅವಳ ಹಣೆಯಲ್ಲಿ.

"ಒಂದು ದೂರೂ ತಗೊಳ್ಳಿ ಸಾರ್. ನಿಮ್ಮ ಐಡಿ ಕಾರ್ಡ್ ಕತ್ತಿಗೆ ಹಾಕ್ಕೊಂಡೇ ಅವ್ನು ದುಡ್ಡಿಗೆ ಬರ್ತಿದ್ದಿದ್ದು."

ಕನಕರಾಜು ಬೆಚ್ಚಿದ. "ರಂಜಿ, ತಮ್ಮನ ಮೇಲೆ ದೂರಾ? ಚಿಕ್ಕಪ್ಪನ ಮನೆ ಬಾಗ್ಲು ತುಳಿಯೋದೆಂಗೆ?"

"ನನ್ನ ಮೇಲೆ ಕಂಪ್ಯೂಟರಲ್ಲಿ ದೂರು ಬಿದ್ದಾಗ ಯಾರ ತಮ್ಮ ಬಂದಿದ್ದ?"

ಅವಳು ಹಾಳೆ ಕೇಳಿ ದೂರು ಬರೆದಳು. ಕೊನೆಗೆ ಅವನು ಮ್ಯಾನೇಜರನ ಕೈಯಿಂದ ಪೆನ್ನು ಕಿತ್ತುಕೊಂಡು, ಅವಳು ಬರೆದ ದೂರಿನ ಕೆಳಗೆ ತನ್ನ ಹೆಸರು ಹಾಕಿದ. ಅವಳು ಮೇಜಿನ ಮರೆಯಲ್ಲಿ ಅವನ ಇನ್ನೊಂದು ಕೈ ಹಿಡಿದಳು.

ಬೈಕು ಮಾರಾಟವಾಯಿತು. ಹೂವಿನ ವ್ಯಾಪಾರ ಅದರೊಂದಿಗೇ ಹೋಯಿತು. ಚಿಕ್ಕಪ್ಪನ ಮನೆಯವರು ಮಾತು ಬಿಟ್ಟರು. ಬ್ಯಾಂಕ್ ಮಿತ್ರ ಕೆಲಸ ಬೇರೆಯವರಿಗಾಯಿತು. ಕ್ಲೋಸ್ಡ್ ಎಂದು ಬಿದ್ದರೂ ತಪ್ಪಿದ ಕಂತುಗಳ ಕಲೆ ಕೆಲವು ವರ್ಷ ಉಳಿಯುತ್ತದೆ, ಅಂಕ ನಿಧಾನವಾಗಿ ಏರುತ್ತದೆ ಎಂದರು ಬ್ಯಾಂಕಿನವರು. ಇನ್ನೂ ತೀರದೆ ಉಳಿದ ಬಾಕಿಗಾಗಿ ಕನಕರಾಜು ವೈನಾಡಿನ ಶುಂಠಿ ಹೊಲಗಳಿಗೆ ಕೂಲಿಗೆ ಹೊರಟ.

ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನ ಚಳಿ. ಅವನು ಅವಳ ಕಡೆ ನೋಡದೆಯೇ ಕೇಳಿದ: "ಅವತ್ತು ಬ್ಯಾಂಕಿನ ಮುಂದೆ ನೀನು ನನ್ನ ಕಳ್ಳ ಅನ್ಕೊಂಡೆ, ಅಲ್ವಾ?"

"ಅನ್ಕೊಂಡೆ." ಅವಳು ಸುಳ್ಳಾಡಲಿಲ್ಲ. "ಒಂದು ಗಳಿಗೆ. ಆಮೇಲೆ ದಾರಿಯುದ್ದಕ್ಕೂ ನನ್ನ ನಾನೇ ಬೈಕೊಂಡೆ."

"ಬಾಯ್ಬುಟ್ಟು ಬೈಕೊಂಡಿದ್ರೆ ನಾನೂ ಜೊತೆಗೆ ವಸಿ ಬೈತಿದ್ದೆ."

ಅವಳಿಗೆ ನಗು ಬಂತು, ಜೊತೆಗೆ ಕಣ್ಣೀರೂ.

"ಕೇಳಿಲ್ಲಿ. ಇನ್ನೊಂದ್ಸಲ ಪರೀಕ್ಷೆ ಬರೀತೀನಿ. ನೀನು ಮುಂದೆ ಗಾಡಿ ತಗೊಂಡ್ರೂ ನನ್ನೆಸ್ರು ಕೊಡಲ್ಲ."

"ನಾನ್ ಕೇಳೂದಿಲ್ಲ ಬುಡು."

"ಬಾಕಿ ತೀರಿದ್ಮೇಲೆ ನಿನ್ನೆಸ್ರಲ್ಲೇ ಒಂದು ಮಿಕ್ಸಿ ತಗೋ. ಸಣ್ಣ ಕಂತು. ತಪ್ಪಿಸ್ದೆ ಕಟ್ಟು, ರಸೀದಿ ಮಡಿಕ್ಕೋ. ನಿಂಗೂ ಒಂದು ಚರಿತ್ರೆ ಆಗ್ಲಿ."

"ಮಿಕ್ಸಿ ತಗೊಂಡು ಒಬ್ನೇ ಏನ್ ರುಬ್ಲಿ ಕಣಮ್ಮಿ?"

"ಒಬ್ನೇ ಯಾಕ್ ರುಬ್ತೀಯಾ? ಕಂತು ಮುಗಿಯೋ ಹೊತ್ಗೆ ನಾ ಬರ್ತೀನಲ್ಲ."

ಅವಳು ಕಿವಿಯವರೆಗೆ ಕೆಂಪಾದಳು, ಆದರೆ ಕಣ್ಣು ತಗ್ಗಿಸಲಿಲ್ಲ.

"ನನ್ನ ಸೈನ್ ಒಂದ ಬುಟ್ಟು, ಮಿಕ್ಕಿದ್ದೆಲ್ಲಾ ನಿಂದೇ ಕನಕ."

"ಹತ್ತೋದಾದ್ರೆ ಹತ್ತಪ್ಪಾ, ಇಲ್ಲಾ ಅಲ್ಲೇ ಮದ್ವೆ ಮಾಡ್ಕೊಂಡು ನಿಂತ್ಕೋ!" ಎಂದು ಕಂಡಕ್ಟರ್ ಕೂಗಿದ. ಕನಕರಾಜು ಹಿಂದು ಮುಂದಾಗಿಯೇ ಬಸ್ಸು ಹತ್ತಿದ, ಅವಳ ಮೇಲಿನ ಕಣ್ಣು ಕೀಳದೆ.

ಬಸ್ಸು ಕೇರಳದ ದಾರಿ ಹಿಡಿಯಿತು. ಶಿವರಂಜಿನಿ ದುಪಟ್ಟಾದಲ್ಲಿ ಮುಖ ಒರೆಸಿಕೊಂಡಳು. ನಿಂತು ಅಳಲು ಪುರುಸೊತ್ತಿರಲಿಲ್ಲ. ಫೈನಾನ್ಸ್ ಆಫೀಸಿನ ಬಾಗಿಲು ತೆರೆಯುವ ಹೊತ್ತಾಗಿತ್ತು, ದೂರು ಏನಾಯಿತೆಂದು ಅವಳು ಕೇಳಬೇಕಿತ್ತು.